ಹಬ್ಬ ಮುಗೀಲಿ, ಆಮೇಲೆ ನೋಡೋಣ

(ಷಿಕಾಗೊ ಹೊರವಲಯದ ಕನ್ನಡಿಗರ ನವೆಂಬರ್ ಕೂಟದಲ್ಲಿ ಕುಟುಂಬ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ನವೆಂಬರ್ ಮೂರನೇ ವಾರ ಬಂತೆಂದರೆ ಕ್ಲಿನಿಕ್ಕಿಗೆ ಬರುವ ಫೋನ್ ಕರೆಗಳ ಧಾಟಿಯೇ ಬದಲಾಗುತ್ತದೆ. ಸಕ್ಕರೆ ಪರೀಕ್ಷೆಗೆ ಬರಬೇಕಿದ್ದವರು, ಬಿ.ಪಿ. ಮಾತ್ರೆ ಬದಲಿಸಿಕೊಳ್ಳಬೇಕಿದ್ದವರು, ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದು ಹೇಳಿಕೊಂಡಿದ್ದವರು ಒಬ್ಬೊಬ್ಬರಾಗಿ ಅಪಾಯಿಂಟ್‌ಮೆಂಟನ್ನು ಜನವರಿಗೆ ದೂಡುತ್ತಾರೆ. ಕನ್ನಡದವರಾದರೆ ಸಲುಗೆಯಿಂದ ಹೇಳುತ್ತಾರೆ: “ಹಬ್ಬ ಎಲ್ಲ ಮುಗೀಲಿ ಡಾಕ್ಟ್ರೇ, ಆಮೇಲೆ ನೋಡೋಣ.” ಇವತ್ತು ನಾನು ಮಾತಾಡುವುದೆಲ್ಲ ಈ ಒಂದು ವಾಕ್ಯದ ಸುತ್ತಲೇ. ಊಟತಿಂಡಿಯ ಬಗ್ಗೆ ಹೇಳಿ ಎಂದು ಸಮಿತಿಯವರು ಕೇಳಿದ್ದರು. ಅದನ್ನೂ ಹೇಳುತ್ತೇನೆ, ಆದರೆ ಚುಟುಕಾಗಿ.

ಅಮೆರಿಕದವರ ಲೆಕ್ಕದಲ್ಲಿ ಈ ಕಾಲ ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಹೊಸ ವರ್ಷದವರೆಗೆ, ಐದಾರು ವಾರ. ನಮಗೆ ಹಾಗಲ್ಲವಲ್ಲ. ಗಣೇಶನ ಹಬ್ಬಕ್ಕೆ ಶುರುವಾದ ಓಡಾಟ ನವರಾತ್ರಿಯ ಗೊಂಬೆ, ದೀಪಾವಳಿ, ರಾಜ್ಯೋತ್ಸವದ ನಾಟಕದ ತಾಲೀಮು ಎಂದು ಎಳೆದುಕೊಂಡು ಬಂದಿರುತ್ತದೆ. ಬೇರೆಯವರ ಹಬ್ಬದ ಕಾಲ ಆರಂಭವಾಗುವ ಹೊತ್ತಿಗೆ ನಾವು ಆಗಲೇ ದಣಿದಿರುತ್ತೇವೆ. ಅದರ ಮೇಲೆ ಮಕ್ಕಳ ಶಾಲೆಯ ಕನ್ಸರ್ಟು, ಆಫೀಸಿನ ಪಾರ್ಟಿ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ಕು ಮೂರು ಮನೆಯಲ್ಲಿ, ಡಿಸೆಂಬರ್ ರಜೆಗೆ ಊರಿಗೆ ಹೋಗುವವರಿಗೆ ದುಬಾರಿ ಟಿಕೆಟ್ಟು ಮತ್ತು ಎಂಟು ಸೂಟ್‌ಕೇಸು. ಇಷ್ಟರ ನಡುವೆ ಮೈಮನಸ್ಸು ಏನಾದರೂ ಹೇಳಿದರೆ ನಾವು ಅದಕ್ಕೆ ಕೊಡುವ ಉತ್ತರ ಅದೇ: ಹಬ್ಬ ಮುಗೀಲಿ.

ಮೊದಲು ಎದೆಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮುಂದೂಡಿದರೆ ಜೀವವೇ ಹೋಗುವಂಥದ್ದು ಇದು.

2004ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಈ ದೇಶದಲ್ಲಿ 1973ರಿಂದ 2001ರವರೆಗಿನ ಸಾವುಗಳ ದಾಖಲೆಯನ್ನು ದಿನದಿನದ ಲೆಕ್ಕದಲ್ಲಿ ಪರಿಶೀಲಿಸಿದರು. ಹೃದಯ ಸಂಬಂಧಿ ಸಾವುಗಳು ವರ್ಷದಲ್ಲೇ ಅತಿ ಹೆಚ್ಚು ಕಂಡದ್ದು ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಆಸುಪಾಸಿನಲ್ಲಿ. ಚಳಿಗಾಲದಲ್ಲಿ ಹೃದಯಾಘಾತ ಹೆಚ್ಚು ಎನ್ನುವುದು ಮೊದಲೇ ಗೊತ್ತಿತ್ತು. ಆದರೆ ಚಳಿಯೊಂದೇ ಕಾರಣವಾಗಿದ್ದರೆ ಜನವರಿ ನಡುವಿನ ಕೊರೆಯುವ ದಿನಗಳಲ್ಲಿ ಸಾವು ಹೆಚ್ಚಬೇಕಿತ್ತು. ಹಾಗಾಗದೆ ಸರಿಯಾಗಿ ಹಬ್ಬದ ದಿನಗಳಲ್ಲೇ ಏರಿತ್ತು. ಅವರು ಮುಂದಿಟ್ಟ ವಿವರಣೆಗಳಲ್ಲಿ ಒಂದು ಇದು: ಜನ ನೋವು ಬಂದರೂ ತಡೆದುಕೊಂಡು ಆಸ್ಪತ್ರೆಗೆ ತಡವಾಗಿ ಹೋಗುತ್ತಾರೆ. ಆಮೇಲೆ 2018ರಲ್ಲಿ ಸ್ವೀಡನ್ನಿನಿಂದ ಇನ್ನೊಂದು ಅಧ್ಯಯನ ಬಂತು. ಹದಿನಾರು ವರ್ಷಗಳ, 2 ಲಕ್ಷ 80 ಸಾವಿರಕ್ಕೂ ಹೆಚ್ಚು ಹೃದಯಾಘಾತಗಳ ದಾಖಲೆ ಅದರಲ್ಲಿತ್ತು. ಕ್ರಿಸ್‌ಮಸ್ ಮುನ್ನಾದಿನ ಹೃದಯಾಘಾತದ ಸಂಭವ ಮಾಮೂಲಿ ದಿನಗಳಿಗಿಂತ ಶೇಕಡ 37ರಷ್ಟು ಹೆಚ್ಚಿತ್ತು. ಯಾರಲ್ಲಿ ಹೆಚ್ಚು ಗೊತ್ತೇ? 75 ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಮೊದಲೇ ಹೃದಯದ ತೊಂದರೆ ಇದ್ದವರಲ್ಲಿ. ನಿಮ್ಮ ಮನೆಗೆ ಈ ಚಳಿಗಾಲದಲ್ಲಿ ಬಂದಿರುವ ಅಪ್ಪ ಅಮ್ಮನನ್ನು ಒಮ್ಮೆ ನೆನೆಯಿರಿ. ಮೂರರಲ್ಲಿ ಒಂದಾದರೂ ಅವರಿಗೆ ಹೊಂದುತ್ತದೆ.

ನಮ್ಮ ಮನೆಗಳಲ್ಲಿ ಇದು ನಡೆಯುವ ಬಗೆ ನನಗೆ ಚೆನ್ನಾಗಿ ಗೊತ್ತು. ಮನೆ ತುಂಬ ನೆಂಟರು. ಊಟ ಮುಗಿದಿದೆ. ಅಪ್ಪ ಎದೆ ಉಜ್ಜಿಕೊಳ್ಳುತ್ತಾರೆ. “ಗ್ಯಾಸ್ ಇರಬೇಕು, ಆ ಬೋಂಡ ತಿನ್ನಬಾರದಿತ್ತು” ಅನ್ನುತ್ತಾರೆ. ಯಾರೋ ಜೀರಿಗೆ ಕಷಾಯ ಮಾಡುತ್ತಾರೆ, ಇನ್ನಾರೋ ಓಂಕಾಳು ಕೊಡುತ್ತಾರೆ. ಅವರು ಕೋಣೆಗೆ ಹೋಗಿ ಮಲಗುತ್ತಾರೆ. ಇಷ್ಟು ಜನರ ಮುಂದೆ ಆಂಬುಲೆನ್ಸ್ ಕರೆಸಿ ಗಲಾಟೆ ಮಾಡುವುದು ಹೇಗೆ ಎಂಬ ಸಂಕೋಚ ಎಲ್ಲರಿಗೂ. ಅದಕ್ಕಿಂತ ದೊಡ್ಡದು ಅಪ್ಪನ ಮನಸ್ಸಿನಲ್ಲಿರುವ ಬಿಲ್ಲಿನ ಭಯ. ಇಲ್ಲಿ ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದರೆ ಮಗನ ಉಳಿತಾಯವೆಲ್ಲ ಕರಗುತ್ತದೆ ಎಂದು ಅವರು ಯಾರದ್ದೋ ಬಾಯಲ್ಲಿ ಕೇಳಿರುತ್ತಾರೆ. ಆದ್ದರಿಂದ ನೋವನ್ನು ಬಚ್ಚಿಡುತ್ತಾರೆ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಬಚ್ಚಿಡುತ್ತಾರೆ.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಇವತ್ತು ರಾತ್ರಿ ಮನೆಗೆ ಹೋಗಿ ಅವರ ಹತ್ತಿರ ಕೂತು ಬಾಯಿಬಿಟ್ಟು ಹೇಳಿ: “ಎದೆ ಬಿಗಿ ಹಿಡಿದರೆ, ದವಡೆಗೋ ಎಡಗೈಗೋ ನೋವು ಇಳಿದರೆ, ತಣ್ಣನೆ ಬೆವರಿದರೆ, ಉಸಿರು ಸಾಲದು ಅನ್ನಿಸಿದರೆ ನನ್ನನ್ನು ಎಬ್ಬಿಸಬೇಕು. ದುಡ್ಡಿನ ಯೋಚನೆ ನಿಮ್ಮದಲ್ಲ.” ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ವಿಪರೀತ ಸುಸ್ತು, ವಾಕರಿಕೆ, ಏದುಸಿರು ಮಾತ್ರ ಇರಬಹುದು. ಅಮ್ಮನಿಗೆ ಅದನ್ನೂ ವಿವರಿಸಿ. ಇಂಥ ಲಕ್ಷಣ ಕಂಡರೆ ನೀವೇ ಕಾರು ಓಡಿಸಿಕೊಂಡು ಹೋಗಬೇಡಿ, ಇಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬಂದ ಗಳಿಗೆಯಿಂದಲೇ ಇ.ಸಿ.ಜಿ., ಔಷಧ ಶುರುವಾಗುತ್ತದೆ. ಅಂದಹಾಗೆ, 1986ರಿಂದ ಈ ದೇಶದಲ್ಲಿ ಒಂದು ಕಾನೂನಿದೆ. ತುರ್ತು ವಿಭಾಗವಿರುವ ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಗಳೂ ವಿಮೆ ಇದೆಯೋ ಇಲ್ಲವೋ, ಹಣ ಇದೆಯೋ ಇಲ್ಲವೋ ನೋಡದೆ ಬಂದವರನ್ನು ಪರೀಕ್ಷಿಸಿ, ತುರ್ತು ಸ್ಥಿತಿಯಿದ್ದರೆ ರೋಗಿಯ ಸ್ಥಿತಿ ಸ್ಥಿರವಾಗುವಷ್ಟು ಚಿಕಿತ್ಸೆ ಕೊಡಲೇಬೇಕು. ಬಿಲ್ಲು ಬರುವುದಿಲ್ಲ ಎಂದಲ್ಲ, ಬರುತ್ತದೆ. ಆದರೆ ಬಾಗಿಲಲ್ಲಿ ತಡೆಯುವಂತಿಲ್ಲ. ಇದನ್ನೂ ಅಪ್ಪನಿಗೆ ಹೇಳಿ, ಅರ್ಧ ಭಯ ಇಳಿಯುತ್ತದೆ. ಅವರಿಗೆ ಮಾಡಿಸಿದ ಪ್ರವಾಸಿ ವಿಮೆಯ ಕಾಗದವನ್ನು ಇನ್ನೊಮ್ಮೆ ಓದಿ. ಮೊದಲೇ ಇದ್ದ ಕಾಯಿಲೆಯನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ, ಕೆಲವು ಹಠಾತ್ತನೆ ಉಲ್ಬಣಿಸಿದಾಗ ಮಾತ್ರ ಒಂದು ಮಿತಿಯವರೆಗೆ ಕೊಡುತ್ತವೆ. ಅದನ್ನು ತಿಳಿದುಕೊಳ್ಳಬೇಕಾದ್ದು ಈಗ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಾಗ ಅಲ್ಲ.

ಹಿಮ ಎತ್ತುವ ಸಲಿಕೆಯನ್ನು ಅವರ ಕೈಗೆ ಸಿಗದ ಹಾಗೆ ಇಡಿ. ಊರಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಅಭ್ಯಾಸವಾದವರು. ನೀವೆಲ್ಲ ಮಲಗಿರುವಾಗ, ಸುಮ್ಮನೆ ಕೂರುವುದೇಕೆ ಎಂದು ಡ್ರೈವ್‌ವೇ ಸ್ವಚ್ಛ ಮಾಡಲು ಹೊರಡುತ್ತಾರೆ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಭಾರ ಎತ್ತುವಾಗ ಉಸಿರು ಕಟ್ಟುತ್ತದೆ, ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಒದ್ದೆ ಹಿಮ ನೋಡುವುದಕ್ಕೆ ಹತ್ತಿ, ಎತ್ತಿದರೆ ಕಲ್ಲು. ಐವತ್ತು ದಾಟಿ ಕೂತೇ ಕೆಲಸ ಮಾಡುವ ನಿಮಗೂ ಈ ಮಾತು ಸಲ್ಲುತ್ತದೆ.

ಇನ್ನು ಬೆಳಕು. ಡಿಸೆಂಬರ್ 21ರ ಸುಮಾರಿಗೆ ಷಿಕಾಗೊದಲ್ಲಿ ಹಗಲು 9 ಗಂಟೆಗಿಂತ ತುಸುವೇ ಹೆಚ್ಚು. ಅದೇ ದಿನ ಬೆಂಗಳೂರಿನಲ್ಲಿ ಸುಮಾರು 11 ಗಂಟೆ 20 ನಿಮಿಷ. ನಾವು ಹುಟ್ಟಿ ಬೆಳೆದ ಜಾಗದಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಇಲ್ಲಿಯದಕ್ಕಿಂತ ಎರಡು ಗಂಟೆಗೂ ಉದ್ದ. ಡಿಸೆಂಬರ್ ಮೊದಲಲ್ಲಿ ಇಲ್ಲಿ ನಾಲ್ಕೂ ಇಪ್ಪತ್ತಕ್ಕೆ ಸೂರ್ಯ ಮುಳುಗುತ್ತಾನೆ. ಬೆಳಗ್ಗೆ ಕತ್ತಲಲ್ಲಿ ಹೊರಟು, ಕಿಟಕಿಯಿಲ್ಲದ ಕೋಣೆಯಲ್ಲಿ ಮೀಟಿಂಗ್ ಮಾಡಿ, ಕತ್ತಲಲ್ಲೇ ಮನೆಗೆ ಬಂದರೆ ಹಗಲನ್ನು ಕಂಡದ್ದೇ ಇಲ್ಲ. ಬಂದ ಹೊಸದರಲ್ಲಿ ಎಷ್ಟೋ ಜನ “ನನಗೆ ಮೈಗಳ್ಳತನ ಬಂದಿದೆ” ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಎಷ್ಟು ಮಲಗಿದರೂ ನಿದ್ದೆ, ಅನ್ನ ಬ್ರೆಡ್ಡು ಸಿಹಿಯ ಮೇಲೆ ಆಸೆ, ಯಾರ ಜೊತೆಗೂ ಮಾತು ಬೇಡ, ಇಷ್ಟದ ಕೆಲಸದಲ್ಲೂ ರುಚಿಯಿಲ್ಲ. ಪ್ರತಿ ಚಳಿಗಾಲಕ್ಕೂ ಬಂದು ವಸಂತಕ್ಕೆ ಹೋಗುವ ಈ ಖಿನ್ನತೆಯನ್ನು 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತವರ ಸಹೋದ್ಯೋಗಿಗಳು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ವಿವರಿಸಿದರು. ರೋಸೆಂಥಾಲ್ ಕೂಡ ಬಿಸಿಲ ನಾಡಾದ ದಕ್ಷಿಣ ಆಫ್ರಿಕಾದಿಂದ ಇಲ್ಲಿಗೆ ಬಂದವರು. ಇಲ್ಲಿಯ ಚಳಿಗಾಲದಲ್ಲಿ ತಮ್ಮ ಮೈಮನಸ್ಸು ಕುಗ್ಗುವುದನ್ನು ಸ್ವತಃ ಅನುಭವಿಸಿದವರು.

ಇದಕ್ಕೆ ಔಷಧದ ಮೊದಲ ಭಾಗ ಬೆಳಗಿನ ಬೆಳಕು. ಬೆಳಕನ್ನು ಅಳೆಯುವ ಮಾನ ಲಕ್ಸ್. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ, ಮನೆಯೊಳಗೆ ಸಾಮಾನ್ಯವಾಗಿ ಕೆಲವು ನೂರು ಇದ್ದರೆ ಹೆಚ್ಚು. ಆದ್ದರಿಂದ ಬೆಚ್ಚಗೆ ಹೊದ್ದುಕೊಂಡು ಬೆಳಗ್ಗೆಯೇ ಒಂದಿಷ್ಟು ಹೊತ್ತು ಹೊರಗೆ ನಡೆಯಿರಿ. ಅದು ಆಗದಿದ್ದರೆ 10,000 ಲಕ್ಸಿನ ಬೆಳಕಿನ ಪೆಟ್ಟಿಗೆ ಸಿಗುತ್ತದೆ. ಎದ್ದ ಮೇಲೆ ಆದಷ್ಟು ಬೇಗ, ಕಾಫಿ ಕುಡಿಯುತ್ತಾ, ಪತ್ರಿಕೆ ಓದುತ್ತಾ ಅರ್ಧ ಗಂಟೆ ಅದರ ಮುಂದೆ ಕೂತರೆ ಸಾಕು. ಅದನ್ನೇ ದಿಟ್ಟಿಸಬೇಡಿ. ಬೈಪೋಲಾರ್ ಕಾಯಿಲೆ ಇರುವವರು, ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಇನ್ನೊಂದು ಗೊಂದಲ ನಮ್ಮವರಲ್ಲಿ ತುಂಬಾ ಇದೆ: ಈ ಪೆಟ್ಟಿಗೆಯಿಂದ ವಿಟಮಿನ್ ಡಿ ಬರುವುದಿಲ್ಲ. ಹಾಗೆ ನೋಡಿದರೆ ಚಳಿಗಾಲದಲ್ಲಿ ಇಲ್ಲಿಯ ಸೂರ್ಯನಿಂದಲೂ ಬರುವುದಿಲ್ಲ. ನಮ್ಮಷ್ಟೇ ಉತ್ತರಕ್ಕಿರುವ ಬಾಸ್ಟನ್ನಿನಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಬಿಸಿಲು ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸಲಾರದು ಎಂದು 1988ರಲ್ಲೇ ತೋರಿಸಿದ್ದಾರೆ. ನಮ್ಮ ಮೈಬಣ್ಣಕ್ಕೆ ಬಿಸಿಲು ಇನ್ನೂ ಹೆಚ್ಚು ಬೇಕು. ಅದಕ್ಕೆ ಆಹಾರ ಅಥವಾ ಮಾತ್ರೆ, ಬೇರೆ ದಾರಿಯಿಲ್ಲ.

ನಿದ್ದೆಗೆ ಬಂದರೆ, ನಮ್ಮ ತೊಂದರೆಯ ಅರ್ಧ ಪಾಲು ಊರಿನ ಫೋನು. ಚಳಿಗಾಲಕ್ಕೆಂದು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ನಮಗೂ ಭಾರತಕ್ಕೂ ಹನ್ನೊಂದೂವರೆ ಗಂಟೆ ಅಂತರ. ಅಲ್ಲಿ ಎಲ್ಲರೂ ತಿಂಡಿಗೆ ಕೂರುವಾಗ ಇಲ್ಲಿ ರಾತ್ರಿ ಒಂಬತ್ತು. ಮದುವೆ ಮಾತುಕತೆ, ಸೈಟಿನ ತಕರಾರು, ಅಣ್ಣತಮ್ಮಂದಿರ ಮನಸ್ತಾಪ ಎಲ್ಲವೂ ನಾವು ಮಲಗುವ ಹೊತ್ತಿಗೇ ಶುರುವಾಗುತ್ತವೆ. ತುರ್ತಲ್ಲದ ಮಾತನ್ನು ಶನಿವಾರ ಬೆಳಗ್ಗೆಗೆ ಇಟ್ಟುಕೊಳ್ಳಿ. ಇದೊಂದನ್ನು ಮುಂದೂಡಬಹುದು.

ಧನುರ್ಮಾಸದ ನೆನಪಾಗುತ್ತದೆ ನನಗೆ ಈ ಕಾಲದಲ್ಲಿ. ಚಳಿಗೆ ಹಲ್ಲು ಕಟಕಟ ಅನ್ನುವಾಗ ಎದ್ದು, ಸ್ನಾನ ಮಾಡಿ, ಸೂರ್ಯ ಹುಟ್ಟುವ ಮೊದಲೇ ಪೂಜೆ, ಆಮೇಲೆ ಮೆಣಸು ಹಾಕಿದ ಬಿಸಿ ಹುಗ್ಗಿ. ಒಂದು ತಿಂಗಳು ದಿನಾ ಒಂದೇ ಹೊತ್ತಿಗೆ ಏಳುವುದು. ಭಕ್ತಿಯ ಮಾತು ಅವರವರಿಗೆ ಬಿಟ್ಟದ್ದು, ನಾನು ವೈದ್ಯನಾಗಿ ಹೇಳುತ್ತೇನೆ: ದೇಹದ ಗಡಿಯಾರಕ್ಕೆ ಏಳುವ ಹೊತ್ತು ಬದಲಾಗದೆ ಇರುವಷ್ಟು ಹಿತವಾದದ್ದು ಕಡಿಮೆ. ರಾತ್ರಿ ಪಾರ್ಟಿಯಿಂದ ತಡವಾಗಿ ಬಂದರೂ ಬೆಳಗ್ಗೆ ಏಳುವ ಹೊತ್ತನ್ನು ಒಂದು ಗಂಟೆಗಿಂತ ಹೆಚ್ಚು ಜರುಗಿಸಬೇಡಿ.

ಊಟದ ಬಗ್ಗೆ ಹೇಳುವೆನೆಂದೆ. ಹಬ್ಬದ ಕಾಲದಲ್ಲಿ ತೂಕ ವಿಪರೀತ ಏರುತ್ತದೆ ಎಂದು ಎಲ್ಲರೂ ಹೆದರುತ್ತಾರೆ. 2000ದಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಸರಾಸರಿ ಏರಿಕೆ ಅರ್ಧ ಕಿಲೋಗಿಂತ ಕಡಿಮೆ ಇತ್ತು. ಆದರೆ ಏರಿದ್ದು ಮುಂದಿನ ವರ್ಷವಿಡೀ ಇಳಿಯಲಿಲ್ಲ. ಒಂದು ಒಬ್ಬಟ್ಟಿಗಾಗಿ ಸಂಕಟಪಡಬೇಡಿ, ತಿನ್ನಿ. ನನ್ನ ಚಿಂತೆ ಮಾತ್ರೆ ತಪ್ಪಿಸುವವರದ್ದು. ಪಾಟ್‌ಲಕ್ಕಿನಲ್ಲಿ ಊಟ ಮೂರಕ್ಕೋ ನಾಲ್ಕಕ್ಕೋ ಆಗುತ್ತದೆ. ವೈಕುಂಠ ಏಕಾದಶಿಗೆ ಉಪವಾಸ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಉಪವಾಸ ಮಾಡುವವರು ಮೊದಲೇ ಬಂದು ಕೇಳಿ, ನಾವು ಅಡ್ಡಿ ಮಾಡುವುದಿಲ್ಲ, ಡೋಸು ಹೊಂದಿಸಿ ಕೊಡುತ್ತೇವೆ. ಊರಿಗೆ ಹೋಗುವವರು ಮಾತ್ರೆಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ.

ಕುಡಿತದ ಮಾತು ಇಂಥ ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ನಾನು ಎತ್ತುತ್ತೇನೆ. ಹೆಂಗಸರು ಮಕ್ಕಳು ಮೇಲೆ, ಗಂಡಸರು ಬೇಸ್‌ಮೆಂಟಿನಲ್ಲಿ, ಇದು ಎಲ್ಲರಿಗೂ ಗೊತ್ತಿರುವುದೇ. ವಾರಾಂತ್ಯಕ್ಕೂ ರಜೆಗೂ ಒಮ್ಮೆಲೇ ಹೆಚ್ಚು ಕುಡಿದವರಲ್ಲಿ, ಬೇರೆ ಹೃದ್ರೋಗ ಇಲ್ಲದವರಲ್ಲೂ, ಹೃದಯದ ಬಡಿತ ಲಯ ತಪ್ಪುವುದನ್ನು 1978ರಲ್ಲೇ ವೈದ್ಯರು ಗುರುತಿಸಿ ಅದಕ್ಕೆ ‘ಹಾಲಿಡೇ ಹಾರ್ಟ್’ ಎಂದೇ ಹೆಸರಿಟ್ಟರು. ಎದೆ ಪಟಪಟ ಅಂದರೆ ಅದನ್ನು ಮಲಗಿ ಕಳೆಯಬೇಡಿ. ಕಾರಿನ ಕೀಲಿಯನ್ನು ಮನೆಯೊಡತಿಯ ಕೈಗೆ ಕೊಟ್ಟ ಮೇಲೆ ಮಾತ್ರ ಬೇಸ್‌ಮೆಂಟಿಗೆ ಇಳಿಯಿರಿ.

ಮನೆಯೊಡತಿ ಅಂದೆ. ಮೂವತ್ತು ಜನರನ್ನು ಊಟಕ್ಕೆ ಕರೆದು, ಅವಳೊಬ್ಬಳೇ ಎರಡು ದಿನ ಒಲೆಯ ಮುಂದೆ ನಿಲ್ಲುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಕ್ಲಿನಿಕ್ಕಿಗೆ ಜನವರಿಯಲ್ಲಿ ಬರುವ ಸೊಂಟನೋವು, ತಲೆನೋವು, ಕಾರಣವಿಲ್ಲದ ಅಳು ಇವುಗಳಲ್ಲಿ ಬಹುಪಾಲು ಆ ಅಡುಗೆಮನೆಯಿಂದ ಬರುತ್ತದೆ. ಗಂಡಸರಿಗೆ ನನ್ನ ಬಿನ್ನಹ: “ಏನಾದ್ರೂ ಹೆಲ್ಪ್ ಬೇಕಾ?” ಎಂದು ಕೇಳಬೇಡಿ. ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನಿಮ್ಮದಾಗಿ ಮಾಡಿಕೊಳ್ಳಿ, ಸಾರಿನಿಂದ ಹಿಡಿದು ಪಾತ್ರೆ ತೊಳೆಯುವವರೆಗೆ. ಹೆಂಗಸರಿಗೆ: ಹೋಳಿಗೆ ಅಂಗಡಿಯಿಂದ ತಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಕರೆದ ಎಲ್ಲ ಮನೆಗೂ ಹೋಗಬೇಕೆಂದಿಲ್ಲ. “ಈ ವಾರ ಆಗಲ್ಲ, ಸಂಕ್ರಾಂತಿಗೆ ಎಳ್ಳು ಹಿಡ್ಕೊಂಡು ಬರ್ತೀವಿ” ಎಂದರೆ ನಿಜವಾದ ಸ್ನೇಹಿತರು ಖುಷಿಯೇ ಪಡುತ್ತಾರೆ.

ಕೊನೆಯದಾಗಿ, ಯಾರ ಮನೆಗೂ ಹೋಗಲು ಇಲ್ಲದವರ ವಿಷಯ. ಇದಕ್ಕೇ ನಾನು ಇವತ್ತು ಬರಲು ಒಪ್ಪಿದ್ದು.

ಡಿಸೆಂಬರಿನಲ್ಲಿ ಆತ್ಮಹತ್ಯೆಗಳು ಹೆಚ್ಚು ಎಂದು ಪ್ರತಿ ವರ್ಷ ಎಲ್ಲೋ ಓದುತ್ತೀರಿ. ಅದು ತಪ್ಪು. ಈ ದೇಶದ ಅಂಕಿಅಂಶದಲ್ಲಿ ಡಿಸೆಂಬರ್ ಸಾಮಾನ್ಯವಾಗಿ ಅತಿ ಕಡಿಮೆ ಇರುವ ತಿಂಗಳುಗಳಲ್ಲೊಂದು. ವಸಂತ, ಬೇಸಿಗೆಗಳಲ್ಲೇ ಹೆಚ್ಚು. ಆದರೆ ಒಂಟಿತನದ ಕಷ್ಟ ಸಾವಿನ ಲೆಕ್ಕದಲ್ಲಿ ಮಾತ್ರ ಕಾಣುವಂಥದ್ದಲ್ಲ. ಹಾಸ್ಟೆಲ್ ಖಾಲಿಯಾಗಿ, ಟಿಕೆಟ್ಟಿಗೆ ದುಡ್ಡಿಲ್ಲದೆ ಉಳಿದ ವಿದ್ಯಾರ್ಥಿ ಇದ್ದಾನೆ. ಕೆಲಸ ಹೋಗಿ ವೀಸಾದ ದಿನ ಎಣಿಸುತ್ತಿರುವ ಇಂಜಿನಿಯರ್ ಇದ್ದಾಳೆ. ಡ್ರೈವಿಂಗ್ ಬಾರದೆ, ಪಕ್ಕದ ಮನೆಯ ಭಾಷೆ ಬಾರದೆ, ಕಿಟಕಿ ಬಳಿ ಕೂತು ಮೊಮ್ಮಕ್ಕಳ ಬಸ್ಸಿಗೆ ಕಾಯುವ ಅಜ್ಜಿ ಇದ್ದಾರೆ. ಅವರನ್ನು ಬೆಳಗ್ಗೆ ಒಂದು ಒಳಾಂಗಣ ಮಾಲಿಗೆ ಕರೆದುಕೊಂಡು ಹೋಗಿ. ಅಂಗಡಿ ತೆರೆಯುವ ಮೊದಲೇ ನಡೆಯುವವರಿಗಾಗಿ ಬಾಗಿಲು ತೆಗೆಯುವ ಮಾಲುಗಳಿವೆ, ಜಾರುವ ಭಯವಿಲ್ಲ. ಇಬ್ಬರು ಅಜ್ಜಿಯರು ಒಟ್ಟಿಗೆ ನಡೆದರೆ ಇನ್ನೂ ಒಳ್ಳೆಯದು.

ಇನ್ನೊಂದು ಮನೆ ಇದೆ, ನಮ್ಮ ಸಂಪ್ರದಾಯದ ಕಾರಣಕ್ಕೇ ನಮ್ಮ ಕಣ್ಣಿಗೆ ಬೀಳದ ಮನೆ. ಈ ವರ್ಷ ಯಾರನ್ನೋ ಕಳೆದುಕೊಂಡವರದು. “ಈ ವರ್ಷ ನಮಗೆ ಹಬ್ಬ ಇಲ್ಲ” ಅನ್ನುತ್ತಾರೆ. ಅದು ಒಳ್ಳೆಯ ಪದ್ಧತಿ ಎಂದೇ ನನ್ನ ಭಾವನೆ. ದುಃಖದಲ್ಲಿರುವವರನ್ನು ನಗುಮುಖ ಹಾಕಿಕೊಂಡು ಬಾ ಎಂದು ಒತ್ತಾಯಿಸುವುದಿಲ್ಲ. ಆದರೆ ಊರಲ್ಲಿ ಅದರ ಜೊತೆಗೆ ಇನ್ನೊಂದು ಇತ್ತು: ಅವರ ಮನೆಯಲ್ಲಿ ಹಬ್ಬದಡುಗೆ ಇಲ್ಲದಿದ್ದರೆ ನೆರೆಯವರು, ನೆಂಟರು ತಟ್ಟೆಯಲ್ಲಿ ಮುಚ್ಚಿ ತಂದು ಕೊಡುತ್ತಿದ್ದರು, ಜಗಲಿಯಲ್ಲಿ ಕೂತು ಹೋಗುತ್ತಿದ್ದರು. ಇಲ್ಲಿ ಮೊದಲನೆಯದನ್ನು ಉಳಿಸಿಕೊಂಡೆವು, ಎರಡನೆಯದನ್ನು ಬಿಟ್ಟೆವು. ಕರೆಯಬಾರದಲ್ಲ ಎಂದು ಸುಮ್ಮನಾಗುತ್ತೇವೆ, ಅವರು ಗಣೇಶನಿಂದ ಯುಗಾದಿಯವರೆಗೆ ಒಬ್ಬರೇ ಇರುತ್ತಾರೆ. ಕರೆಯಬೇಡಿ, ಹೋಗಿ. ತೀರಿಕೊಂಡವರ ಹೆಸರು ಹೇಳಿ ಮಾತಾಡಿಸಿ. ಹೆಸರು ಹೇಳಿದರೆ ನೋವಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಎಲ್ಲರೂ ಮರೆತರು ಅನ್ನಿಸುವುದೇ ಅವರಿಗೆ ಹೆಚ್ಚಿನ ನೋವು ಎಂದು ಬಹಳ ಜನ ನನ್ನ ಹತ್ತಿರ ಹೇಳಿಕೊಂಡಿದ್ದಾರೆ.

ಯಾರಾದರೂ ಬದುಕು ಬೇಡವೆನಿಸಿದೆ ಎನ್ನುವ ಹಾಗೆ ಮಾತಾಡಿದರೆ ನೇರವಾಗಿ ಕೇಳಿ: “ಸಾಯಬೇಕು ಅನ್ನಿಸ್ತಿದೆಯಾ?” ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಇಲ್ಲಿಯ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು, ಮೆಸೇಜ್ ಕಳಿಸಬಹುದು. 2022ರ ಜುಲೈನಿಂದ ದೇಶವಿಡೀ ಹಗಲೂ ರಾತ್ರಿ ಅದು ನಡೆಯುತ್ತಿದೆ. ಊರಲ್ಲಿರುವ ನಿಮ್ಮವರಿಗೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಸಂಖ್ಯೆ 14416, ಅದೇ ವರ್ಷದ ಅಕ್ಟೋಬರಿನಲ್ಲಿ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮಾರ್ಗದರ್ಶಿ ಸಂಸ್ಥೆ, ಕನ್ನಡದಲ್ಲೇ ಮಾತಾಡಬಹುದು. ಎರಡೂ ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಬರೆದುಕೊಳ್ಳಿ, ನಾನು ಕಾಯುತ್ತೇನೆ.

ಬರೆದುಕೊಂಡಿರಾ? ಬಾಗಿಲ ಪಕ್ಕದ ಮೇಜಿನ ಮೇಲೆ ಎರಡು ಹಾಳೆ ಇಡುವಂತೆ ಸಮಿತಿಯವರನ್ನು ಕೇಳಿಕೊಂಡಿದ್ದೆ, ಇಟ್ಟಿದ್ದಾರೆ. ಡಿಸೆಂಬರ್ 25ಕ್ಕೆ ಊಟಕ್ಕೆ ಇನ್ನೂ ಇಬ್ಬರಿಗೆ ಜಾಗವಿದೆ ಅನ್ನುವ ಮನೆಯವರು ಮೊದಲನೆಯದರಲ್ಲಿ ಹೆಸರು ಬರೆಯಿರಿ. ಆ ದಿನ ಒಬ್ಬರೇ ಇರುವ ಯಾರಾದರೂ ನಿಮಗೆ ಗೊತ್ತಿದ್ದರೆ, ಮೊದಲು ಅವರನ್ನು ಕೇಳಿ, ಅವರು ಒಪ್ಪಿದರೆ ಎರಡನೆಯದರಲ್ಲಿ ಬರೆಯಿರಿ. ಕ್ಲಿನಿಕ್ಕು 26ರ ಬೆಳಗ್ಗೆ ತೆರೆದಿರುತ್ತದೆ. ಜನವರಿಗೆ ದೂಡಿದ ಅಪಾಯಿಂಟ್‌ಮೆಂಟು ಯಾರದ್ದಾದರೂ ಇದ್ದರೆ ನಾಳೆಯೇ ಫೋನ್ ಮಾಡಿ, ಈ ತಿಂಗಳಲ್ಲೇ ಜಾಗ ಮಾಡಿಕೊಡುತ್ತೇವೆ.